ಜೋಸೆಫರ ಕೈಯಲ್ಲಿ ಏನಿರಬೇಕು? ಲಿಲ್ಲಿ, ಉಳಿ, ಮಗು ಮತ್ತು ಮರಣಶಯ್ಯೆಯ ಪಟ

ಓದುಗರ ಪ್ರಶ್ನೆ

ನಾನು ತೀರ್ಥಹಳ್ಳಿ ಸಮೀಪದ ಹಳ್ಳಿಯವನು. ಜೀವನವಿಡೀ ಮರಗೆಲಸ ಮಾಡಿದ ನಮ್ಮ ತಂದೆ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಅವರು ಕಾಯಿಲೆ ಬಿದ್ದಾಗ ಅಮ್ಮ ಅಜ್ಜನ ಕಾಲದ ಪಟವೊಂದನ್ನು ಅವರ ಮಂಚದ ತಲೆಯ ಕಡೆ ತೂಗುಹಾಕಿದ್ದರು. ಅದರಲ್ಲಿ ಯೇಸುವಿನ ಸಾಕುತಂದೆ, ಬಡಗಿ ಸಂತ ಜೋಸೆಫರು ಮರಣಶಯ್ಯೆಯಲ್ಲಿದ್ದಾರೆ. ಒಂದು ಪಕ್ಕದಲ್ಲಿ ಯೇಸುಸ್ವಾಮಿ, ಇನ್ನೊಂದು ಪಕ್ಕದಲ್ಲಿ ಮರಿಯಮ್ಮನವರು, ಮಂಚದ ಕಾಲ ಬುಡದಲ್ಲಿ ಗರಗಸ ಮತ್ತು ಕೊಡತಿ. ಸಾವಿನ ಪಟ ಮನೆಯಲ್ಲಿದ್ದರೆ ಇನ್ನೊಂದು ಸಾವನ್ನು ಕರೆಯುತ್ತದೆ, ಹೊಳೆಗೆ ಬಿಟ್ಟುಬಿಡಿ ಎಂದು ಸೋದರತ್ತೆಯವರು ಹೇಳುತ್ತಿದ್ದಾರೆ. ಅಮ್ಮ ಒಪ್ಪುತ್ತಿಲ್ಲ. ಇದರ ಜೊತೆಗೆ, ಅಪ್ಪನ ನೆನಪಿಗೆ ಸಾಗರದ ಗುಡಿಗಾರರೊಬ್ಬರಿಂದ ಜೋಸೆಫರ ಮರದ ಸ್ವರೂಪ (ವಿಗ್ರಹ) ಕೆತ್ತಿಸಿ ನಮ್ಮೂರಿನ ಸಣ್ಣ ದೇವಾಲಯಕ್ಕೆ (ಚರ್ಚಿಗೆ) ಕೊಡಬೇಕೆಂದಿದ್ದೇವೆ. ಲಿಲ್ಲಿ ಹೂ, ಮಗು, ಹತ್ಯಾರಗಳು ಎಲ್ಲವೂ ಅದರಲ್ಲಿ ಇರಲೇಬೇಕೇ? ಕೆಲವು ಕಡೆ ಜೋಸೆಫರು ಮುದುಕರು, ಕೆಲವು ಕಡೆ ತರುಣರು, ಯಾವುದು ಸರಿ? ಅಪ್ಪ ಬಳಸುತ್ತಿದ್ದಂಥ ಬಾಚಿಯನ್ನೇ ಕೆತ್ತಿಸಬಹುದೇ? ಮುಖವೂ ಅಪ್ಪನನ್ನು ಹೋಲಿದರೆ ತಪ್ಪಾಗುತ್ತದೆಯೇ? ಜೋಸೆಫರ ಸ್ವರೂಪವನ್ನು ತಲೆಕೆಳಗಾಗಿ ಹೂತರೆ ಜಮೀನು ಬೇಗ ಮಾರಾಟವಾಗುತ್ತದೆ ಎಂದು ತಮ್ಮನಿಗೆ ವಾಟ್ಸಾಪಿನಲ್ಲಿ ಬಂದಿದೆ, ಇದಕ್ಕೇನಾದರೂ ಆಧಾರವಿದೆಯೇ?

ತಜ್ಞರ ಉತ್ತರ

ನಿಮ್ಮ ಪ್ರಶ್ನೆಗಳು ಹಲವಿದ್ದರೂ ಮನೆಯ ನೆಮ್ಮದಿ ಕೆಡಿಸಿರುವುದು ಒಂದೇ: ಅಪ್ಪನನ್ನು ಕಳೆದುಕೊಂಡ ಮನೆಯ ಗೋಡೆಯ ಮೇಲೆ ಸಾವಿನ ಚಿತ್ರ ಇರಬಹುದೇ ಎಂಬುದು. ಸ್ವರೂಪದ ಕೆಲಸ ಕೆಲವು ತಿಂಗಳು ತಡವಾದರೂ ನಷ್ಟವಿಲ್ಲ. ಹೊಳೆಗೆ ಬಿಟ್ಟ ಪಟ ಮಾತ್ರ ಮತ್ತೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಪಟದ ವಿಚಾರ ಮೊದಲು.

ಜೋಸೆಫರ ಮರಣದ ಪ್ರಸಂಗ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅವರು ಕೊನೆಯದಾಗಿ ಕಾಣಿಸಿಕೊಳ್ಳುವುದು ಲೂಕನ ಎರಡನೆಯ ಅಧ್ಯಾಯದಲ್ಲಿ, ಹನ್ನೆರಡು ವರ್ಷದ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟ ಪ್ರಸಂಗದಲ್ಲಿ. ಮುಂದೆ ಶಿಲುಬೆಯ ಮೇಲಿನಿಂದ ಯೇಸು ತಮ್ಮ ತಾಯಿಯನ್ನು ಶಿಷ್ಯನ ವಶಕ್ಕೆ ಒಪ್ಪಿಸುವುದನ್ನು ಯೊವಾನ್ನನು ಹೇಳುತ್ತಾನೆ. ಗಂಡ ಬದುಕಿದ್ದರೆ ಹಾಗೆ ಒಪ್ಪಿಸುವ ಅಗತ್ಯವಿರಲಿಲ್ಲವಾದ್ದರಿಂದ ಅಷ್ಟರೊಳಗೆ ಜೋಸೆಫರು ತೀರಿಕೊಂಡಿದ್ದರೆಂದು ಪರಂಪರೆ ಊಹಿಸಿತು. ಮಂಚ, ಪಕ್ಕದಲ್ಲಿ ಮಗ, ಇನ್ನೊಂದು ಪಕ್ಕದಲ್ಲಿ ಮಡದಿ ಎಂಬ ದೃಶ್ಯ ಬಂದದ್ದು ಈಜಿಪ್ಟಿನ ಕ್ರೈಸ್ತರಲ್ಲಿ ಹುಟ್ಟಿ, ಕಾಪ್ಟಿಕ್ ಮತ್ತು ಅರಬ್ಬಿ ಭಾಷೆಗಳಲ್ಲಿ ಉಳಿದುಬಂದಿರುವ ‘ಬಡಗಿ ಜೋಸೆಫರ ಚರಿತ್ರೆ’ ಎಂಬ ಕಥನದಿಂದ. ಧರ್ಮಸಭೆ ಅದನ್ನು ಪವಿತ್ರ ಗ್ರಂಥಕ್ಕೆ ಸೇರಿಸಿಲ್ಲ. ಆ ಕಥನದಲ್ಲಿ ಜೋಸೆಫರಿಗೆ 111 ವರ್ಷ. ಯೇಸು ತಲೆಯ ಬಳಿ, ಮರಿಯಮ್ಮ ಪಾದದ ಬಳಿ ಕುಳಿತಿರುತ್ತಾರೆ. ಮುಖ್ಯವಾದ ಸಂಗತಿಯೆಂದರೆ, ಅಲ್ಲಿನ ಜೋಸೆಫರು ಸಾವಿಗೆ ಹೆದರುತ್ತಾರೆ, ಹಲುಬುತ್ತಾರೆ. ಹತ್ತಿರ ಬಂದ ಮೃತ್ಯುವನ್ನು ಯೇಸು ತಡೆದು ನಿಲ್ಲಿಸಿ, ಅಪ್ಪನ ಆತ್ಮವನ್ನು ದೇವದೂತರಾದ ಮಿಕಾಯೇಲ ಮತ್ತು ಗಾಬ್ರಿಯೇಲರಿಗೆ ಒಪ್ಪಿಸುತ್ತಾರೆ. ಪುಣ್ಯಮರಣವೆಂದರೆ ಹೆದರಿಕೆಯೇ ಇಲ್ಲದ ಸಾವು ಎಂಬ ಅರ್ಥ ಈ ಚಿತ್ರದ ಮೂಲದಲ್ಲಿಯೇ ಇಲ್ಲ. ಹೆದರುವವನ ಕೈ ಹಿಡಿಯಲು ಪಕ್ಕದಲ್ಲಿ ಯಾರಿದ್ದಾರೆ ಎಂಬುದೇ ಅಲ್ಲಿನ ವಿಷಯ.

ಪಶ್ಚಿಮ ಯೂರೋಪಿಗೆ ಈ ಕಥೆಯನ್ನು ಹೆಚ್ಚಾಗಿ ಪರಿಚಯಿಸಿದವರು ಡೊಮಿನಿಕನ್ ಗುರು ಇಸಿದೋರೊ ಇಸೊಲಾನಿ. ಜೋಸೆಫರ ಕುರಿತ ಅವರ ಗ್ರಂಥ 1522ರಲ್ಲಿ ಅಚ್ಚಾಯಿತು. ಪಿಡುಗುಗಳಿಂದಲೂ ಯುದ್ಧಗಳಿಂದಲೂ ಜನ ತತ್ತರಿಸಿದ್ದ 17ನೇ ಶತಮಾನದಲ್ಲಿ ಒಳ್ಳೆಯ ಮರಣಕ್ಕಾಗಿ ಪ್ರಾರ್ಥಿಸುವ ಸಂಘಗಳು ಬೆಳೆದವು. ರೋಮಿನಲ್ಲಿ ಯೇಸುಸಭೆಯವರು (ಜೆಸ್ವಿಟರು) ಅಂಥದೊಂದನ್ನು 1648ರಲ್ಲಿ ಆರಂಭಿಸಿದರು. ಜೋಸೆಫರ ಮರಣದ ಚಿತ್ರ ಪೂಜಾಪೀಠಗಳ ಮೇಲೆ ಹೆಚ್ಚಾಗಿ ಕಾಣಿಸತೊಡಗಿದ್ದೂ ಆ ಕಾಲದಲ್ಲಿಯೇ. ಮೊದಲ ಮಹಾಯುದ್ಧದ ಸಾವುಗಳ ನೆನಪು ಇನ್ನೂ ಹಸಿಯಾಗಿದ್ದ 1920ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ಜೋಸೆಫರನ್ನು ಮರಣಾವಸ್ಥೆಯಲ್ಲಿರುವವರ ಪಾಲಕರೆಂದು ನೆನಪಿಸಿ ಪತ್ರ ಬರೆದರು. ನಿಮ್ಮ ಅಜ್ಜನ ಕಾಲದ ಬಣ್ಣದ ಅಚ್ಚಿನ ಪಟ ಈ ದೊಡ್ಡ ಪರಂಪರೆಯ ಕೊನೆಯ ಕವಲು. ಅಂಥ ಪಟಗಳನ್ನು ಅಚ್ಚು ಮಾಡಿದ್ದೇ ಕಾಯಿಲೆಯವರ ಮಂಚದ ಬಳಿ ಹಾಕಲೆಂದು. ಹಾಗಾಗಿ ನಿಮ್ಮ ತಾಯಿಯವರು ಅದನ್ನು ಅದರ ಜಾಗದಲ್ಲಿಯೇ ಹಾಕಿದ್ದರು.

ಪಟವನ್ನು ಇನ್ನೊಮ್ಮೆ ಹತ್ತಿರದಿಂದ ನೋಡಿ. ಜೋಸೆಫರ ಉಳಿದ ಹೆಚ್ಚಿನ ಚಿತ್ರಗಳಲ್ಲಿ ಅವರ ಕೈ ಏನನ್ನಾದರೂ ಹಿಡಿದಿರುತ್ತದೆ: ಮಗು, ಕೋಲು, ಹೂ, ಉಳಿ. ಇಲ್ಲಿ ಆ ಕೈ ಬರಿದಾಗಿದೆ, ಸಾಮಾನ್ಯವಾಗಿ ಯೇಸುವಿನ ಕೈಯೊಳಗಿದೆ. ಗರಗಸ ಮತ್ತು ಕೊಡತಿ ಮಂಚದ ಬುಡದಲ್ಲಿರುವುದು ಜಾಗ ತುಂಬಲೆಂದು ಅಲ್ಲ. ದುಡಿಮೆ ಮುಗಿಯಿತು, ಹತ್ಯಾರ ಕೆಳಗಿಟ್ಟಾಯಿತು ಎಂದು ಅವು ಹೇಳುತ್ತವೆ. ಮಗನನ್ನು ಎತ್ತಿ ಆಡಿಸಿದ ತಂದೆಯನ್ನು ಈಗ ಮಗ ಹಿಡಿದಿದ್ದಾನೆ. ತಂದೆತನ, ಕೆಲಸ, ಮರಣ ಎಂಬ ಮೂರೂ ಒಂದೇ ಚೌಕಟ್ಟಿನೊಳಗೆ ಸೇರುವುದು ಈ ಚಿತ್ರದಲ್ಲಿ ಮಾತ್ರ. ನನ್ನನ್ನು ಕೇಳಿದರೆ, ಅಂಗಡಿಯ ಮೂರು ಹೊಸ ಪಟಗಳಿಗಿಂತ ಇದೊಂದು ಹೆಚ್ಚು ಬೆಲೆಬಾಳುತ್ತದೆ.

ಚಿತ್ರವೊಂದು ಸಾವನ್ನು ಕರೆಯುತ್ತದೆ ಎಂಬುದಕ್ಕೆ ಕ್ರೈಸ್ತ ಬೋಧನೆಯಲ್ಲಿ ಯಾವ ಆಧಾರವೂ ಇಲ್ಲ. ಹಾಗೆಂದು ಸೋದರತ್ತೆಯವರೊಡನೆ ವಾದಕ್ಕಿಳಿಯಬೇಡಿ. ಸಾವಾದ ಕೋಣೆ, ಸಾವಿನ ಹಾಸಿಗೆ, ಆ ಹೊತ್ತಿನಲ್ಲಿ ಎದುರಿಗಿದ್ದ ವಸ್ತು ಇವುಗಳ ಬಗ್ಗೆ ಅಳುಕು ಮಲೆನಾಡಿನ ಎಲ್ಲ ಮನೆಗಳಲ್ಲಿಯೂ ಇದೆ; ಅದು ಜಾತಿ, ಧರ್ಮ ನೋಡಿ ಬರುವುದಿಲ್ಲ. ಅವರು ಕಳೆದುಕೊಂಡಿರುವುದು ಒಡಹುಟ್ಟಿದ ಅಣ್ಣನನ್ನು. ಪಟವನ್ನು ಈಗಿರುವ ಜಾಗದಿಂದ ತೆಗೆದು ಅಮ್ಮನ ಕೋಣೆಯಲ್ಲಿ ಹಾಕಿದರೆ ಇಬ್ಬರ ಮನಸ್ಸಿಗೂ ಸಮಾಧಾನವಾಗಬಹುದು. ಧರ್ಮಕೇಂದ್ರದ ಗುರುಗಳಿಗೆ ಒಪ್ಪಿಸಿ, ಕಾಯಿಲೆಯವರ ಮನೆಗಳಿಗೆ ಕೊಂಡೊಯ್ಯಲು ಬಳಸಿರೆಂದು ಕೇಳುವುದು ಇನ್ನೊಂದು ದಾರಿ. ಆದರೆ ಹಾಗೆ ಕೊಟ್ಟ ವಸ್ತು ಗುರುಗಳ ವರ್ಗಾವಣೆಯಾದ ಮೇಲೆ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದಿರುವುದುಂಟು. ಹೊಳೆಗೆ ಬಿಡುವುದು ನಮ್ಮ ಸುತ್ತಲಿನ ಪದ್ಧತಿಯಾದರೂ ಕಥೋಲಿಕರ ಕ್ರಮವಲ್ಲ. ಆಶೀರ್ವದಿಸಿದ ವಸ್ತು ಪೂರ್ತಿ ಹಾಳಾದಾಗ ಅದನ್ನು ಸುಟ್ಟು ಬೂದಿಯನ್ನು ಹೂಳುವುದು, ಇಲ್ಲವೇ ಹಾಗೆಯೇ ಮಣ್ಣಿಗೆ ಸೇರಿಸುವುದು ವಾಡಿಕೆ. ನಿಮ್ಮ ಪಟ ಆ ಸ್ಥಿತಿಗೆ ಬಂದಿಲ್ಲ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಬಣ್ಣ ಗಾಜಿನ ಜೊತೆಯೇ ಎದ್ದುಬರುತ್ತದೆ. ಹಿಂಬದಿಯ ಹಲಗೆಗೆ ಬೂಸ್ಟು ಹಿಡಿದಿದ್ದರೆ ಹಲಗೆಯನ್ನು ಮಾತ್ರ ಬದಲಿಸಿ, ಪಟವನ್ನು ಹೊರಗೋಡೆಗೆ ತಾಗಿಸದೆ ಒಳಗೋಡೆಗೆ ಹಾಕಿ. ಆಗುಂಬೆಯ ಕಡೆಯಿಂದ ಬರುವ ಮಳೆಗೆ ಹೊರಗೋಡೆ ನಾಲ್ಕು ತಿಂಗಳು ಒದ್ದೆಯಾಗಿಯೇ ಇರುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ತಿಳಿಗೊಳಿಸಿಬಿಡುತ್ತೇನೆ. ಇತ್ತೀಚೆಗೆ ಅಂಗಡಿಗಳಲ್ಲಿ ಒಂದು ಮಗ್ಗುಲಿಗೆ ಒರಗಿ, ತಲೆಯಡಿ ಕೈಯಿಟ್ಟು ಮಲಗಿರುವ ಜೋಸೆಫರ ಸಣ್ಣ ಸ್ವರೂಪಗಳು ಸಿಗುತ್ತವೆ. ಅದು ಮರಣದ ಸ್ವರೂಪವಲ್ಲ, ನಿದ್ರೆಯದು. ಮತ್ತಾಯನ ಶುಭಸಂದೇಶದಲ್ಲಿ ಜೋಸೆಫರಿಗೆ ದೇವರ ಸೂಚನೆ ಸಿಗುವುದು ಕನಸುಗಳಲ್ಲಿ. ಪೋಪ್ ಫ್ರಾನ್ಸಿಸರು 2015ರಲ್ಲಿ ಮನಿಲಾದಲ್ಲಿ ಮಾತನಾಡುತ್ತ, ತಮ್ಮ ಮೇಜಿನ ಮೇಲಿದ್ದ ಇಂಥ ಸ್ವರೂಪದ ಕೆಳಗೆ ಚಿಂತೆಗಳನ್ನು ಚೀಟಿಯಲ್ಲಿ ಬರೆದಿಡುವುದಾಗಿ ಹೇಳಿದ ಮೇಲೆ ಅದು ಎಲ್ಲೆಡೆ ಹರಡಿತು.

ಇನ್ನು ಸ್ವರೂಪದ ವಿಚಾರ. ನೀವು ಹೋಗುತ್ತಿರುವುದು ಗುಡಿಗಾರರ ಬಳಿ. ವಿಗ್ರಹವನ್ನು ಅದರ ಕೈಯಲ್ಲಿನ ಆಯುಧದಿಂದ ಗುರುತಿಸುವ ಪರಂಪರೆ ಅವರದು. ಶಂಖ ಚಕ್ರ ಕಂಡರೆ ವಿಷ್ಣು, ತ್ರಿಶೂಲ ಡಮರು ಕಂಡರೆ ಶಿವ. ಆದ್ದರಿಂದ ಅವರು ಸಹಜವಾಗಿಯೇ ‘ಇವರ ಕೈಯಲ್ಲಿ ಏನು?’ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೂ ಅದೇ. ಆದರೆ ಜೋಸೆಫರ ಕೈಯಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಕಾಲದಲ್ಲಿ, ಒಂದೊಂದು ಪ್ರಶ್ನೆಗೆ ಉತ್ತರವಾಗಿ ಬಂದು ಸೇರಿದೆ. ಎಲ್ಲವನ್ನೂ ಒಟ್ಟಿಗೆ ಹೇರಿದರೆ ಯಾವುದೂ ಮಾತನಾಡುವುದಿಲ್ಲ.

ಲಿಲ್ಲಿ ಮೊದಲು ಹೂವಾಗಿರಲಿಲ್ಲ, ಕೋಲಾಗಿತ್ತು. ಎರಡನೆಯ ಶತಮಾನದ ‘ಯಕೋಬನ ಆದಿಸಂದೇಶ’ ಎಂಬ, ಇದೂ ಪವಿತ್ರ ಗ್ರಂಥಕ್ಕೆ ಸೇರದ ಕೃತಿಯಲ್ಲಿ, ಮರಿಯಳ ಪಾಲಕನನ್ನು ಆರಿಸಲು ಯಾಜಕನು ವಿಧುರರೆಲ್ಲರ ಕೋಲುಗಳನ್ನು ತರಿಸುತ್ತಾನೆ. ಜೋಸೆಫರ ಕೋಲಿನಿಂದ ಪಾರಿವಾಳ ಹೊರಬರುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಆರೋನನ ಕೋಲು ಚಿಗುರಿ ಹೂಬಿಟ್ಟ ಕಥೆ ಕಾಲಕ್ರಮದಲ್ಲಿ ಇದರೊಡನೆ ಬೆರೆಯಿತು. ಇಟಲಿಯ ಚಿತ್ರಕಾರ ಜೊತ್ತೊ 1305ರ ಆಸುಪಾಸಿನಲ್ಲಿ ಪಾದುವಾದ ಸ್ಕ್ರೊವೆಞಿ ದೇವಾಲಯದ ಗೋಡೆಯ ಮೇಲೆ ಬಿಡಿಸಿದ ವಿವಾಹದೃಶ್ಯದಲ್ಲಿ ಹೂವೂ ಇದೆ, ಪಾರಿವಾಳವೂ ಇದೆ. ರಾಫೆಲ್ 1504ರಲ್ಲಿ ಚಿತ್ರಿಸಿದ ಅದೇ ದೃಶ್ಯದಲ್ಲಿ ಜೋಸೆಫರ ಕೋಲಿನ ತುದಿ ಹೂಬಿಟ್ಟಿದೆ; ಪಕ್ಕದಲ್ಲಿ ನಿರಾಶನಾದ ತರುಣನೊಬ್ಬ ತನ್ನ ಒಣಕೋಲನ್ನು ಮೊಣಕಾಲಿಗೆ ಒತ್ತಿ ಮುರಿಯುತ್ತಿದ್ದಾನೆ. ಮುಂದೆ ಕೋಲು ಸಣ್ಣದಾಗುತ್ತ, ಹೂ ದೊಡ್ಡದಾಗುತ್ತ ಬಂದು, ಇಂದಿನ ಪ್ಲಾಸ್ಟರ್ ಸ್ವರೂಪಗಳಲ್ಲಿ ಬರೀ ಹೂಗೊಂಚಲು ಉಳಿದಿದೆ. ಅದರ ಅರ್ಥ ಪರಿಶುದ್ಧತೆ ಎಂದು ಎಲ್ಲರೂ ಹೇಳುತ್ತಾರೆ. ಅದು ಸರಿಯೇ, ಆದರೆ ಅರ್ಧ. ದೇವರು ತಾನಾಗಿಯೇ ಆರಿಸಿ ಈ ಹೊಣೆಯನ್ನು ಒಪ್ಪಿಸಿದನೆಂಬುದು ಉಳಿದರ್ಧ.

ವಯಸ್ಸಿನ ಪ್ರಶ್ನೆಗೂ ‘ಯಕೋಬನ ಆದಿಸಂದೇಶ’ದ ಕಥೆಯೇ ಮೂಲ. ಅದರಲ್ಲಿ ಜೋಸೆಫರು ಮಕ್ಕಳಿರುವ ಮುದಿ ವಿಧುರರು. ಮರಿಯಳ ಕನ್ಯತ್ವದ ಬಗ್ಗೆ ಯಾರಿಗೂ ಸಂಶಯ ಬರಬಾರದೆಂದು ಮಧ್ಯಯುಗದ ಚಿತ್ರಕಾರರು ಅವರನ್ನು ಮುದುಕನನ್ನಾಗಿಸಿ, ಎಷ್ಟೋ ಸಲ ಮೂಲೆಯಲ್ಲಿ ತೂಕಡಿಸುತ್ತ ಕೂರಿಸಿದರು. ಪ್ಯಾರಿಸಿನ ವಿದ್ವಾಂಸ ಜಾನ್ ಜೆರ್ಸೋ (1363–1429) ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು: ಹಸುಳೆಯನ್ನೂ ಬಾಣಂತಿಯನ್ನೂ ಈಜಿಪ್ಟಿನವರೆಗೆ ಕರೆದೊಯ್ದು, ದುಡಿದು ಸಾಕಿದವನು ಕೈಲಾಗದ ಮುದುಕನಾಗಿರಲು ಹೇಗೆ ಸಾಧ್ಯ? 16ನೇ ಶತಮಾನದಲ್ಲಿ ಸ್ಪೇನಿನ ಸಂತ ತೆರೇಸಾರ ಭಕ್ತಿಯಿಂದಾಗಿ ಗಟ್ಟಿಮುಟ್ಟಾದ ಜೋಸೆಫರು ಮುನ್ನೆಲೆಗೆ ಬಂದರು. ಎಲ್ ಗ್ರೆಕೊ 1597–99ರಲ್ಲಿ ತೊಲೆದೊ ನಗರಕ್ಕಾಗಿ ಬಿಡಿಸಿದ ಚಿತ್ರದಲ್ಲಿ ಅವರು ಎತ್ತರದ ಆಳು. ಬಾಲಕ ಯೇಸು ಅವರ ಸೊಂಟಕ್ಕೆ ಆತುಕೊಂಡಿದ್ದಾನೆ. ಲಿಲ್ಲಿ ಅವರ ಕೈಯಲ್ಲಿಲ್ಲ, ಮೇಲಿನಿಂದ ತಲೆಕೆಳಗಾಗಿ ಧುಮುಕುತ್ತಿರುವ ದೇವದೂತರ ಕೈಯಲ್ಲಿದೆ. ಜೋಸೆಫರು ಹಿಡಿದಿರುವುದು ಕುರುಬನ ಕೋಲು. ಹೀಗಾಗಿ ಎರಡು ವಯಸ್ಸೂ ಸಲ್ಲುತ್ತವೆ. ಮಗುವನ್ನು ಎತ್ತಿಕೊಂಡ ಸ್ವರೂಪಕ್ಕೆ ಮೂವತ್ತು, ನಲವತ್ತರ ಗಂಡಸು ನನಗೆ ಹೆಚ್ಚು ಒಪ್ಪುತ್ತಾನೆ. ಆದರೂ 17ನೇ ಶತಮಾನದಲ್ಲಿ ಗ್ವಿಡೊ ರೇನಿ ಬಿಡಿಸಿದ, ಹಸುಳೆಯನ್ನು ತೋಳಿನಲ್ಲಿಟ್ಟುಕೊಂಡ ಬಿಳಿಗಡ್ಡದ ಜೋಸೆಫರನ್ನು ನೋಡಿದ ಮೇಲೆ ಮುದುಕ ಬೇಡವೇ ಬೇಡ ಎನ್ನಲು ಬಾಯಿ ಬರುವುದಿಲ್ಲ.

ಹತ್ಯಾರಗಳ ಇತಿಹಾಸ ಎಲ್ಲಕ್ಕಿಂತ ಸೊಗಸಾದದ್ದು. ನ್ಯೂಯಾರ್ಕಿನಲ್ಲಿರುವ, ಮೂರು ಹಲಗೆಗಳ ಮೆರೋಡ್ ಪೂಜಾಫಲಕವನ್ನು 1427–32ರ ಸುಮಾರಿಗೆ ರಾಬರ್ಟ್ ಕಂಪಿನನ ಕಾರ್ಯಾಗಾರದಲ್ಲಿ ರಚಿಸಲಾಯಿತು. ಅದರ ಬಲಬದಿಯ ಹಲಗೆಯಲ್ಲಿ ಜೋಸೆಫರು ಕುಳಿತು ಹಲಗೆಯೊಂದಕ್ಕೆ ತೂತು ಕೊರೆಯುತ್ತಿದ್ದಾರೆ. ಪಕ್ಕದ ಮೇಜಿನ ಮೇಲೆ ಒಂದು ಇಲಿಬೋನು, ಕಿಟಕಿಯ ಹೊರಗೆ ಮಾರಾಟಕ್ಕಿಟ್ಟ ಇನ್ನೊಂದು. ಶಿಲುಬೆಯು ಸೈತಾನನಿಗೆ ಒಡ್ಡಿದ ಇಲಿಬೋನು ಎಂದು ಸಂತ ಅಗುಸ್ತೀನರು ಹೇಳಿದ್ದನ್ನು ಕಲಾ ಇತಿಹಾಸಕಾರ ಮೇಯರ್ ಶಪಿರೊ 1945ರಲ್ಲಿ ಈ ಚಿತ್ರಕ್ಕೆ ಜೋಡಿಸಿ ತೋರಿಸಿದರು. ಜಾರ್ಜ್ ದ ಲಾ ತೂರ್ 1642ರ ಸುಮಾರಿಗೆ ಬಿಡಿಸಿದ, ಈಗ ಪ್ಯಾರಿಸಿನ ಲೂವ್ರ್‌ನಲ್ಲಿರುವ ಚಿತ್ರದಲ್ಲಿ ಜೋಸೆಫರು ಬಾಗಿ ಬೈರಿಗೆಯಿಂದ ದಪ್ಪ ಮರವನ್ನು ಕೊರೆಯುತ್ತಿದ್ದಾರೆ. ಎದುರಿಗೆ ಕುಳಿತ ಬಾಲಕ ಮೋಂಬತ್ತಿ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದಿದ್ದಾನೆ. ಬೆಳಕು ಅವನ ಬೆರಳುಗಳ ಮಾಂಸದೊಳಗಿಂದ ಕೆಂಪಾಗಿ ಹಾಯುತ್ತದೆ. ನೆಲದ ಮೇಲೆ ಸುರುಳಿಯಾದ ಮರದ ಹೆರೆ ಬಿದ್ದಿದೆ. ಆ ದಪ್ಪ ಮರ ಶಿಲುಬೆಯ ಮುನ್ಸೂಚನೆಯೆಂದು ಓದುವುದುಂಟು. ಹಾಗೆ ಓದದವರಿಗೂ ಅಪ್ಪನ ಕೆಲಸಕ್ಕೆ ದೀಪ ಹಿಡಿದ ಮಗ ಅರ್ಥವಾಗುತ್ತಾನೆ.

ಹೀಗಾಗಿ ಅಪ್ಪನ ಬಾಚಿಯನ್ನು ಕೆತ್ತಿಸುವುದರಲ್ಲಿ ತಪ್ಪೇನೂ ಇಲ್ಲ. ಕಂಪಿನ್ ಕೂಡ ನಜರೇತಿನ ಹತ್ಯಾರಗಳನ್ನು ಬಿಡಿಸಲಿಲ್ಲ, ತನ್ನ ಊರಿನ ಬಡಗಿಯವನ್ನೇ ಬಿಡಿಸಿದ. ಗುಡಿಗಾರರಿಗೆ ಒಂದು ಎಚ್ಚರಿಕೆ ಹೇಳಿ: ಬಾಚಿಯನ್ನು ಎತ್ತಿ ಹಿಡಿದರೆ ಅದು ಆಯುಧದಂತೆ ಕಾಣುತ್ತದೆ, ಪರಶುರಾಮನ ನೆಲದಲ್ಲಿ ಜನ ಬೇರೆಯೇ ಓದಿಕೊಂಡಾರು. ಅದು ಕೆಳಗಿರಲಿ, ಮರದ ತುಂಡಿಗೆ ಒರಗಿರಲಿ, ಇಲ್ಲವೇ ಕೆಲಸ ಮಾಡುತ್ತಿರಲಿ. ಹತ್ಯಾರಪ್ರಧಾನವಾದ ಜೋಸೆಫರು ನಮ್ಮ ಕಡೆ ಹೆಚ್ಚಾಗಿ ಕಾಣಿಸುವುದು 1955ರಿಂದೀಚೆಗೆ; ಆ ವರ್ಷ ಪೋಪ್ ಹನ್ನೆರಡನೆಯ ಪಿಯುಸರು ಮೇ 1ನ್ನು ಕಾರ್ಮಿಕ ಜೋಸೆಫರ ಹಬ್ಬವಾಗಿ ಸ್ಥಾಪಿಸಿದರು. ಕಾರ್ಮಿಕ ದಿನವನ್ನು ಎಡಪಕ್ಷಗಳಿಗೇ ಬಿಟ್ಟುಕೊಡಬಾರದೆಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತು.

ಮುಖದ ವಿಚಾರದಲ್ಲಿ ಸ್ವಲ್ಪ ನಿಧಾನಿಸಿ. ಇಂಗ್ಲೆಂಡಿನ ಜಾನ್ ಮಿಲೇ 1849–50ರಲ್ಲಿ ಯೇಸುವಿನ ಬಾಲ್ಯದ ಬಡಗಿಶಾಲೆಯನ್ನು ಚಿತ್ರಿಸಿದಾಗ ಜೋಸೆಫರ ತಲೆಗೆ ತನ್ನ ತಂದೆಯನ್ನೂ, ನರ ಎದ್ದ ತೋಳುಗಳಿಗೆ ನಿಜವಾದ ಬಡಗಿಯೊಬ್ಬನನ್ನೂ ಮಾದರಿಯಾಗಿಟ್ಟುಕೊಂಡ. ಪವಿತ್ರ ಕುಟುಂಬವನ್ನು ಇಷ್ಟು ಸಾಮಾನ್ಯರಂತೆ ತೋರಿಸಬಹುದೇ ಎಂದು ಚಾರ್ಲ್ಸ್ ಡಿಕನ್ಸ್ ಮೊದಲಾದವರು ಹರಿಹಾಯ್ದರು. ಇಂದು ಅದನ್ನು ದೊಡ್ಡ ಕೃತಿಯೆಂದು ಒಪ್ಪುತ್ತಾರೆ. ಆದರೆ ಕಲಾಶಾಲೆಯ ಗೋಡೆ ಬೇರೆ, ಊರಿನ ದೇವಾಲಯ ಬೇರೆ. ನಿಮ್ಮ ತಂದೆಯವರನ್ನು ಕಂಡವರೇ ಅಲ್ಲಿ ಮೊಣಕಾಲೂರಬೇಕು. ಅವರೊಡನೆ ಜಗಳವಾಡಿದವರೂ, ಬಾಕಿ ಉಳಿಸಿಕೊಂಡವರೂ ಇದ್ದಾರು. ಭಕ್ತಿಯ ಜಾಗದಲ್ಲಿ ಹರಟೆ ಹುಟ್ಟುತ್ತದೆ. ನನ್ನ ಸಲಹೆ: ಮುಖ ಬೇಡ, ಕೈಗಳು ಇರಲಿ. ಬಡಗಿಯ ಕೈಬೆರಳ ಗಂಟುಗಳನ್ನು, ಹೆಬ್ಬೆರಳ ಬುಡದ ದಡ್ಡನ್ನು ಗುಡಿಗಾರರಿಗೆ ಬಾಯಲ್ಲಿ ವಿವರಿಸಬೇಕಿಲ್ಲ, ಅವರ ಕೈಯೂ ಹಾಗೆಯೇ ಇರುತ್ತದೆ. ಅಂಗಡಿಯ ಸ್ವರೂಪಗಳ ದೊಡ್ಡ ಕೊರತೆಯೇ ಜೋಸೆಫರಿಗೆ ಕೊಟ್ಟಿರುವ ಮೇಣದಂಥ ನುಣುಪು ಕೈ.

ತಲೆಕೆಳಗಾಗಿ ಹೂಳುವ ವಿಚಾರಕ್ಕೆ ಹೆಚ್ಚು ಮಾತು ಬೇಡ. ಅದು ಅಮೆರಿಕದ ಮನೆ ಮಾರಾಟಗಾರರಲ್ಲಿ ಹಬ್ಬಿದ ರೂಢಿ; ಧರ್ಮಸಭೆಯ ಬೋಧನೆಯಲ್ಲಿ ಅದಕ್ಕೆ ಜಾಗವಿಲ್ಲ. ತಮ್ಮನವರು ಪಹಣಿ ಮತ್ತು ಪೋಡಿ ಸರಿಮಾಡಿಸಿಕೊಂಡರೆ ಹೆಚ್ಚು ಪ್ರಯೋಜನ.

ಕೊನೆಗೆ ಏನನ್ನು ಕೆತ್ತಿಸುವುದು? ಲಿಲ್ಲಿ ಇದ್ದರೆ ಜನ ನೋಡಿದ ಕೂಡಲೇ ಗುರುತಿಸುತ್ತಾರೆ, ನಿಜ. ಆದರೆ ದುರಸ್ತಿಗೆ ಬರುವ ಮರದ ಸ್ವರೂಪಗಳಲ್ಲಿ ಮೊದಲು ಮುರಿದಿರುವುದು ಹೂವಿನ ಎಸಳು ಮತ್ತು ಅದನ್ನು ಹಿಡಿದ ಬೆರಳು. ಆಮೇಲೆ ಯಾರೋ ಪ್ಲಾಸ್ಟಿಕ್ ಹೂ ಸಿಕ್ಕಿಸಿರುತ್ತಾರೆ. ಹೂ ಬೇಕೇ ಬೇಕೆಂದರೆ ಪೀಠದ ಮೇಲೆ ಉಬ್ಬುಕೆತ್ತನೆಯಾಗಿ ಬರಲಿ. ಬಳ್ಳಿ ಹೂವಿನ ಕೆತ್ತನೆಯಲ್ಲಿ ಸಾಗರ ಸೊರಬದವರನ್ನು ಮೀರಿಸುವವರಿಲ್ಲ. ಅವರು ಪೀಠಕ್ಕೆ ಕಮಲ ಬಿಡಿಸಿದರೂ ಆಕ್ಷೇಪಿಸಬೇಡಿ, ದಕ್ಷಿಣ ಭಾರತದ ಪುರಾತನ ಕಲ್ಲಿನ ಶಿಲುಬೆಗಳೇ ಕಮಲದ ಮೇಲೆ ನಿಂತಿವೆ. ಎಡತೋಳಿನಲ್ಲಿ ಮಗು, ಬಲಗೈ ಮರದ ತುಂಡಿನ ಮೇಲೆ, ಅದಕ್ಕೆ ಒರಗಿದ ಬಾಚಿ: ಇಷ್ಟಿದ್ದರೆ ತಂದೆತನವೂ ಕೆಲಸವೂ ಬಂದಂತೆ. ಮರಣದ ಭಾಗವನ್ನು ಅಮ್ಮನ ಪಟ ಆಗಲೇ ಹೇಳುತ್ತಿದೆ, ಅದನ್ನು ಸ್ವರೂಪದ ಮೇಲೆ ಹೇರುವುದು ಬೇಡ. ಮರ ಹಲಸಿನದಾಗಲಿ, ಸಾಗುವಾನಿಯಾಗಲಿ, ಚೆನ್ನಾಗಿ ಹದವಾಗಿ ಒಣಗಿರಬೇಕು. ಹಸಿಮರದಲ್ಲಿ ಕೆತ್ತಿದರೆ ಮೊದಲ ಬೇಸಿಗೆಗೇ ಎದೆಯ ಮೇಲೆ ಸೀಳು ಬಿಡುತ್ತದೆ. ತೊಗಟೆಗೆ ಹತ್ತಿರದ ಬಿಳಿಮರದ ಭಾಗ ಉಳಿಸಿದರೆ ಕುಟ್ಟೆ ಹಿಡಿಯುತ್ತದೆ. ದೊಡ್ಡ ಸ್ವರೂಪವಾದರೆ ಬೆನ್ನನ್ನು ಟೊಳ್ಳು ಮಾಡಿಸಿ. ಜರ್ಮನಿಯ ಹಳೆಯ ಕೆತ್ತನೆಗಾರರು ಸೀಳು ತಪ್ಪಿಸಲು ಇದನ್ನೇ ಮಾಡುತ್ತಿದ್ದರು.

ದೇವಾಲಯದೊಳಗೆ ಸ್ವರೂಪಗಳು ಮಿತವಾದ ಸಂಖ್ಯೆಯಲ್ಲಿ, ತಕ್ಕ ಕ್ರಮದಲ್ಲಿ ಇರಬೇಕೆಂದು ಧರ್ಮಸಭೆಯ ಕಾನೂನಿನ 1188ನೇ ನಿಯಮ ಹೇಳುತ್ತದೆ. ಅಲ್ಲಿ ಈಗಾಗಲೇ ಜೋಸೆಫರ ಸ್ವರೂಪವಿದ್ದರೆ ಎರಡನೆಯದನ್ನು ಗುರುಗಳು ಬೇಡವೆನ್ನಬಹುದು, ಹಾಗೆನ್ನುವ ಹಕ್ಕು ಅವರಿಗಿದೆ. ಆದ್ದರಿಂದ ಮೊದಲು ಗುಡಿಗಾರರಿಂದ ಒಂದು ಇದ್ದಿಲಿನ ಚಿತ್ರ ಬರೆಸಿಕೊಳ್ಳಿ, ಎರಡು ಕೈಗಳನ್ನು ಬೇರೆಯಾಗಿ ದೊಡ್ಡದಾಗಿ ಬರೆಸಿ. ಅದನ್ನು ಗುರುಗಳಿಗೆ ತೋರಿಸಿ, ಇಡುವ ಜಾಗವನ್ನೂ ಎತ್ತರವನ್ನೂ ಅವರ ಸಮ್ಮುಖದಲ್ಲಿಯೇ ಅಳೆದು, ಒಪ್ಪಿಗೆಯನ್ನು ಬರಹದಲ್ಲಿ ಪಡೆದ ಮೇಲೆ ಗುಡಿಗಾರರಿಗೆ ಮುಂಗಡ ಕೊಡಿ.